ವಂಡರ್‌ಲಾಗೆ ಹೊರಡೋ ಮುನ್ನ: ಬ್ಯಾಗ್ ಕಾಯೋರು ಯಾರು?

ಡಿಸೆಂಬರ್ ಬಂತು ಅಂದ್ರೆ ನಮ್ಮ ಸಾತನೂರು ಸೀಮೆಯ ಮನೆಗಳಲ್ಲಿ ಮೂರು ಸುಗ್ಗಿ ಒಟ್ಟಿಗೆ ಶುರುವಾಗ್ತವೆ. ಒಂದು ರಾಗಿ ಸುಗ್ಗಿ, ಇನ್ನೊಂದು ಅವರೆಕಾಯಿ ಸುಗ್ಗಿ. ಮೂರನೆಯದು ಮಕ್ಕಳದು. “ಅಮ್ಮಾ, ಈ ಸಲ ವಂಡರ್‌ಲಾಗೆ ಯಾವಾಗ?” ಮೊದಲಿನ ಎರಡಕ್ಕೆ ತಲೆತಲಾಂತರದ ಅನುಭವ ಇದೆ. ಮೂರನೆಯದಕ್ಕೆ ಮಾತ್ರ ನಾವೇ ದಾರಿ ಹುಡುಕಿಕೊಳ್ಳಬೇಕು.

ಬಿಡದಿ ಹತ್ತಿರ, ಹೆಜ್ಜಾಲದ ಪಕ್ಕ ಇರುವ ಈ ಪಾರ್ಕು ಶುರುವಾದದ್ದು 2005ರಲ್ಲಿ. ವಿ-ಗಾರ್ಡ್ ಕಂಪನಿಯ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅವರು 2000ದಲ್ಲಿ ಕೊಚ್ಚಿಯಲ್ಲಿ ಮೊದಲ ಪಾರ್ಕು ಮಾಡಿದ್ದರು, ಅದಾದ ಮೇಲೆ ನಮ್ಮದು. ಸುಮಾರು 82 ಎಕರೆ ಜಾಗ, 60ಕ್ಕೂ ಹೆಚ್ಚು ರೈಡುಗಳು. ಜಾಹೀರಾತಿನಲ್ಲಿ ‘ಬೆಂಗಳೂರು’ ಅಂತಿದ್ದರೂ ಅದು ಇರೋದು ನಮ್ಮ ಜಿಲ್ಲೆಯಲ್ಲೇ. 2007ರಲ್ಲಿ ರಾಮನಗರ ಜಿಲ್ಲೆ ಆಯ್ತು, 2025ರಲ್ಲಿ ಅದೇ ಬೆಂಗಳೂರು ದಕ್ಷಿಣ ಜಿಲ್ಲೆ ಅಂತ ಆಯ್ತು. ಹೆಸರು ಏನೇ ಆಗಲಿ, ನಮ್ಮ ಮಕ್ಕಳಿಗೆ ಅದು ಪಕ್ಕದೂರಿನ ಜಾತ್ರೆ ಇದ್ದ ಹಾಗೆ. ಆದ್ರೆ ಕ್ರಿಸ್‌ಮಸ್ ವಾರದಲ್ಲಿ ಆ ಜಾತ್ರೆಗೆ ಇಡೀ ಬೆಂಗಳೂರೇ ಬರುತ್ತದೆ.

ಹೋದ ಡಿಸೆಂಬರಿನಲ್ಲಿ ನಾವು ಒಂಬತ್ತು ಜನ ಹೋಗಿ ಬಂದೆವು. ಊರಿಂದ ಐದು: ನಾನು, ನಮ್ಮನೆಯವರು, ಅತ್ತೆ, ಒಂಬತ್ತನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ. ಬೆಂಗಳೂರಿನಿಂದ ನಾಲ್ಕು: ನಾದಿನಿ, ಅವಳ ಯಜಮಾನರು, ಇಬ್ಬರು ಮಕ್ಕಳು. ಆ ಒಂದು ದಿನಕ್ಕಾಗಿ ಒಂದು ತಿಂಗಳು ಲೆಕ್ಕ ಹಾಕಿದ್ದೆ. ಯಾವ ರೈಡು ಚೆನ್ನಾಗಿದೆ ಅಂತ ಹೇಳೋಕೆ ಬೇಕಾದಷ್ಟು ವಿಡಿಯೋಗಳಿವೆ. ಮನೆಯ ಎಲ್ಲರಿಗೂ ಆ ದಿನ ಹೇಗೆ ದಕ್ಕಬೇಕು ಅನ್ನೋದನ್ನ ಯಾರೂ ಹೇಳೋದಿಲ್ಲ. ಅದಕ್ಕೇ ಇದನ್ನ ಬರೀತಿದೀನಿ.

ದಿನ ಆರಿಸೋದೇ ಅರ್ಧ ಕೆಲಸ

ಸರ್ಕಾರಿ ಶಾಲೆ ಮಕ್ಕಳಿಗೆ ದಸರಾ ರಜೆ ದೊಡ್ಡದು, ಕ್ರಿಸ್‌ಮಸ್‌ಗೆ 25ನೇ ತಾರೀಖು ಒಂದೇ ದಿನ. ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೂ ರಜೆ. ಹಾಗಾಗಿ ಊರಿನ ಮಕ್ಕಳು, ಪಟ್ಟಣದ ಮಕ್ಕಳು ಒಟ್ಟಿಗೆ ಹೋಗಬೇಕು ಅಂದ್ರೆ ಕೈಗೆ ಸಿಗೋದು ಅತಿ ಹೆಚ್ಚು ಜನ ಸೇರೋ ದಿನಗಳೇ.

ಮೊದಲು 25 ಯಾವ ವಾರ ಬರುತ್ತೆ ನೋಡಿ. 2025ರಲ್ಲಿ ಗುರುವಾರ ಬಂದಿತ್ತು. ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ ಸಿಕ್ಕಿತು ಅಂತ ಎಲ್ಲರೂ ಲೆಕ್ಕ ಹಾಕಿದ್ದರು. 2026ರಲ್ಲಿ ಶುಕ್ರವಾರ, ಅಂದ್ರೆ ರಜೆ ಹಾಕದೇ ಮೂರು ದಿನ. ಇಂಥ ಸಾಲು ರಜೆಯ ಮಧ್ಯದ ಶನಿವಾರ, ಭಾನುವಾರ ಬೇಡವೇ ಬೇಡ. ಡಿಸೆಂಬರಿನ ಮೊದಲ ಮೂರು ವಾರ ಶಾಲಾ ಪ್ರವಾಸದ ಬಸ್ಸುಗಳ ಕಾಲ. ಜನವರಿ ಮೊದಲ ವಾರ ದಾಟಿದ ಮೇಲೆ ಸಂಕ್ರಾಂತಿಯವರೆಗೆ ಸ್ವಲ್ಪ ಉಸಿರಾಡಬಹುದು. ರಜೆ ಹೊಂದಿಸಿಕೊಳ್ಳೋಕೆ ಆಗೋರಿಗೆ ಅದೇ ಒಳ್ಳೇದು.

25ರಂದೇ ಹೋಗೋದು ನಮಗೆ ಬೇಡವಾಗಿತ್ತು. ನಮ್ಮ ತಾಲ್ಲೂಕಿನ ಹಾರೋಬೆಲೆಯಲ್ಲಿ ಮುಕ್ಕಾಲುಪಾಲು ಕ್ರೈಸ್ತ ಮನೆಗಳೇ. ಅಲ್ಲಿ ನನ್ನ ಹೈಸ್ಕೂಲು ಗೆಳತಿ ಇದ್ದಾಳೆ. ನಮ್ಮ ಮನೆ ಹಬ್ಬಕ್ಕೆ ಅವಳು ಬರ್ತಾಳೆ, ಅವಳ ಮನೆ ಹಬ್ಬಕ್ಕೆ ನಾವು ಹೋಗ್ತೀವಿ. ನಮಗದು ರಜೆ, ಅವಳಿಗದು ಹಬ್ಬ. ಊಟಕ್ಕೆ ಕರೆದ ಮನೆ ಬಿಟ್ಟು ಕ್ಯೂನಲ್ಲಿ ನಿಲ್ಲೋದು ಯಾವ ನ್ಯಾಯ?

ಕೊನೆಗೆ 29, ಸೋಮವಾರ ಅಂತ ಗೊತ್ತಾಯ್ತು. 30 ವೈಕುಂಠ ಏಕಾದಶಿ, ಅತ್ತೆಗೆ ಉಪವಾಸ. ಮಕ್ಕಳಿಗೆ ಒಂದು ದಿನ ರಜೆ ಚೀಟಿ ಬರೆದುಕೊಟ್ಟೆ. ಸೋಮವಾರ ಅಂತ ಜನ ಇರೋದಿಲ್ಲ ಅಂದುಕೋಬೇಡಿ, ಆ ವಾರವೆಲ್ಲ ಜನವೇ. ಆದ್ರೂ ಭಾನುವಾರಕ್ಕೂ ಸೋಮವಾರಕ್ಕೂ ವ್ಯತ್ಯಾಸ ಇದೆ. ಟಿಕೆಟ್ ದರ ಕೂಡ ದಿನ ನೋಡಿಕೊಂಡು ಬದಲಾಗುತ್ತೆ. ಬುಕ್ ಮಾಡೋ ಮುಂಚೆ ಎರಡು ಮೂರು ತಾರೀಖು ಹಾಕಿ ದರ ಹೋಲಿಸಿ ನೋಡಿ. ಆನ್‌ಲೈನ್‌ನಲ್ಲಿ ಮೊದಲೇ ತಗೊಂಡರೆ ಬಾಗಿಲಲ್ಲಿ ನಿಲ್ಲೋ ಹೊತ್ತು ಉಳಿಯುತ್ತದೆ.

ಇನ್ನೊಂದು ವಿಷಯ. ಅಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸು ಕೇಳೋದಿಲ್ಲ, ಎತ್ತರ ಅಳೀತಾರೆ. 85 ಸೆಂಟಿಮೀಟರ್‌ಗಿಂತ ಕಡಿಮೆ ಇರೋ ಮಕ್ಕಳಿಗೆ ಟಿಕೆಟ್ ಇಲ್ಲ. ಬುಕ್ ಮಾಡೋ ಮುನ್ನ ಮಗುವನ್ನ ಗೋಡೆಗೆ ನಿಲ್ಲಿಸಿ ಅಳತೆ ಟೇಪು ಹಿಡಿಯಿರಿ. ದೊಡ್ಡ ರೈಡುಗಳ ಬಾಗಿಲಲ್ಲೂ ಎತ್ತರದ ಗೆರೆ ಇರುತ್ತೆ. ಮಗುವಿಗೆ ಯಾವುದು ಸಿಗುತ್ತೆ, ಯಾವುದು ಸಿಗೋದಿಲ್ಲ ಅಂತ ಮನೆಯಲ್ಲೇ ಹೇಳಿಬಿಡಿ. ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತು, ಗೆರೆ ಮುಟ್ಟದೆ ಅಳುತ್ತಾ ವಾಪಸ್ ಬರೋದು ನೋಡೋಕಾಗಲ್ಲ.

ಹುಳ, ಹಸು, ಮುಯ್ಯಿ

ನೌಕರಿ ಮಾಡೋರಿಗೆ ರಜೆ ಅರ್ಜಿ ಕೊಟ್ಟರೆ ಆಯ್ತು. ನಮ್ಮಂಥ ರೇಷ್ಮೆ ಮನೆಯವರು ಅರ್ಜಿ ಕೊಡಬೇಕಾದ್ದು ಹುಳಕ್ಕೆ. ನಾಲ್ಕನೇ ಜ್ವರ ಎದ್ದ ಮೇಲಿನ ವಾರ ಹುಳ ತಿನ್ನೋ ಸೊಪ್ಪಿಗೆ ಲೆಕ್ಕವೇ ಇಲ್ಲ. ಹಗಲು ರಾತ್ರಿ ಸೊಪ್ಪು ಹಾಕ್ತಾನೇ ಇರಬೇಕು. ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡೋ ದಿನವಂತೂ ಮನೆಯಲ್ಲಿ ಊಟಕ್ಕೂ ಕೂರೋಕೆ ಪುರುಸೊತ್ತಿಲ್ಲ.

ಅದಕ್ಕೆ ನಾವು ಹಿಂದಿನಿಂದ ಎಣಿಸಿದೆವು. ಎರಡು ಜ್ವರ ಮುಗಿದ ಚಾಕಿ ಹುಳ ಮನೆಗೆ ಬಂದ ಮೇಲೆ ಹಣ್ಣಾಗೋಕೆ ಚಳಿಗಾಲದಲ್ಲಿ ಹತ್ತಿರ ಹತ್ತಿರ 20 ದಿನ ಬೇಕು. ಗೂಡು ಕಟ್ಟಿ ಬಿಡಿಸೋಕೆ ಇನ್ನೈದಾರು ದಿನ. ಡಿಸೆಂಬರ್ ಮೊದಲ ವಾರ ತರಬೇಕಿದ್ದ ಚಾಕಿಯನ್ನ ನವೆಂಬರ್ ಕೊನೆಗೇ ತಂದೆವು. 24ರ ಹೊತ್ತಿಗೆ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಯ್ತು. ಏಷ್ಯಾದಲ್ಲೇ ದೊಡ್ಡದು ಅಂತಾರಲ್ಲ, ಅದೇ ಮಾರ್ಕೆಟ್ಟು. ಹುಳದ ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ ಬಾಗಿಲು ಮುಚ್ಚಿದ ಮೇಲೆ ನಮಗೂ ಕ್ರಿಸ್‌ಮಸ್ ರಜೆ ಅಂತ ಒಂದು ಸಿಕ್ಕಿತು.

ಇನ್ನು ಹಸು. ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹಾಕಬೇಕು, ಅದಕ್ಕೆ ರಜೆಯೇ ಇಲ್ಲ. ಪಕ್ಕದ ಮನೆಯವರ ಜೊತೆ ಮುಯ್ಯಿ ಮಾಡಿಕೊಂಡೆವು. ಆ ದಿನ ಸಂಜೆ ಹಾಲು ಕರೆಯೋದು ಅವರು, ಅವರು ಧರ್ಮಸ್ಥಳಕ್ಕೆ ಹೋಗೋ ಎರಡು ದಿನ ಅವರ ಹಸು ನಾವು. ನಾಟಿಗೆ, ಕೊಯ್ಲಿಗೆ ಇರೋ ಮುಯ್ಯಾಳು ವಂಡರ್‌ಲಾಗೆ ಯಾಕೆ ಬೇಡ? ಈ ಏರ್ಪಾಡು ಮಾಡದಿದ್ದರೆ ಮನೆಯಲ್ಲಿ ಯಾರೋ ಒಬ್ಬರು ಉಳೀಬೇಕಾಗುತ್ತೆ. ಆ ಒಬ್ಬರು ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಕ್ಯೂ ಲೆಕ್ಕ

60 ರೈಡು ಇದೆ ಅಂತ ಮಕ್ಕಳು ಕುಣೀತಾರೆ. ಪೆನ್ನು ಹಿಡಿದು ಅವರನ್ನೇ ಪಕ್ಕ ಕೂರಿಸಿಕೊಳ್ಳಿ. ಬಾಗಿಲು ತೆಗೆಯೋದರಿಂದ ಮುಚ್ಚೋವರೆಗೆ ಏಳು ಗಂಟೆ ಅಂದುಕೊಳ್ಳಿ, ಅಂದ್ರೆ 420 ನಿಮಿಷ. ಊಟಕ್ಕೆ 45, ಬಟ್ಟೆ ಬದಲಾಯಿಸಿ ಒಣಗೋಕೆ 45 ಕಳೆದರೆ 330. ಜನ ಇರೋ ದಿನ ಒಂದೊಂದು ರೈಡಿಗೆ ನಡೆದು ಹೋಗೋದೂ ಸೇರಿ 40 ನಿಮಿಷ ಹಿಡಿದರೆ ಸಿಗೋದು ಎಂಟು ರೈಡು. ಅರುವತ್ತಲ್ಲ, ಎಂಟು! ನನ್ನ ಮಗನ ಮುಖ ಚಿಕ್ಕದಾಯ್ತು. ಆದ್ರೆ ಅಲ್ಲಿ ಹೋಗಿ ಚಿಕ್ಕದಾಗೋದಕ್ಕಿಂತ ಮನೆಯಲ್ಲೇ ಆಗೋದು ಒಳ್ಳೇದು. ಆಮೇಲೆ ಅವನೇ ಕೂತು ತನ್ನ ಎಂಟನ್ನ ಬರೆದ. ಪೂರ್ತಿ ಖಾಲಿ ದಿನ ಹೋದರೆ ಇದಕ್ಕೆ ಎರಡು ಪಟ್ಟು ಆಗಬಹುದು.

ಸಾಲಲ್ಲಿ ನಿಲ್ಲೋ ಮುಂಚೆ ಎಷ್ಟು ಹೊತ್ತಾಗುತ್ತೆ ಅಂತ ಅಂದಾಜು ಮಾಡೋದೂ ಸುಲಭ. ಒಂದು ಸುತ್ತಿಗೆ ಎಷ್ಟು ಸೀಟು, ಒಬ್ಬರು ಹತ್ತಿ ಇಳಿದು ಮುಂದಿನವರು ಹತ್ತೋಕೆ ಎಷ್ಟು ನಿಮಿಷ, ಇಷ್ಟು ನೋಡಿದರೆ ಸಾಕು. ಉದಾಹರಣೆಗೆ 24 ಸೀಟು, ನಾಲ್ಕು ನಿಮಿಷಕ್ಕೊಂದು ಸುತ್ತು ಅಂದ್ರೆ ನಿಮಿಷಕ್ಕೆ ಆರು ಜನ. ಮುಂದೆ 180 ಜನ ಇದ್ದರೆ ಅರ್ಧ ಗಂಟೆ. ನನ್ನ ಮಗಳು ಈ ಲೆಕ್ಕ ಹಿಡಿದುಕೊಂಡು ಆ ದಿನ ನಮಗೆಲ್ಲ ಮೇಷ್ಟ್ರಾಗಿದ್ದಳು.

ಎಲ್ಲರೂ ಬಾಗಿಲ ಹತ್ತಿರದ ರೈಡಿಗೇ ಮೊದಲು ನುಗ್ತಾರೆ. ನೀವು ಒಳಗೆ ದೂರದ್ದಕ್ಕೆ ಹೋಗಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಅತಿ ಬೇಡಿಕೆಯ ಒಂದೆರಡನ್ನ ಮೊದಲ ಗಂಟೆಯಲ್ಲೇ ಮುಗಿಸಿ. ಎಲ್ಲರೂ ಊಟಕ್ಕೆ ಹೋಗೋ ಒಂದೂವರೆ, ಎರಡರ ಹೊತ್ತಲ್ಲಿ ಸಾಲು ಸ್ವಲ್ಪ ಕರಗುತ್ತೆ. ಆಗ ನೀವು ರೈಡು ಹತ್ತಿ, ಊಟ ಹನ್ನೆರಡೂವರೆಗೇ ಮುಗಿಸಿಬಿಡಿ. ಬೇಗ ಹೋಗೋಕೆ ಹೆಚ್ಚು ದುಡ್ಡಿನ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟೂ ಇದೆ. ಒಂಬತ್ತು ಜನಕ್ಕೆ ಅದು ನಮ್ಮ ಕೈಗೆ ಎಟುಕೋದಲ್ಲ, ದೂರದಿಂದ ಒಂದೇ ದಿನಕ್ಕೆ ಬರೋ ಇಬ್ಬರು ಮೂವರಾದರೆ ಯೋಚಿಸಬಹುದು.

ನೀರಿನ ಆಟಕ್ಕೆ ಮಧ್ಯಾಹ್ನದ ಬಿಸಿಲೇ ಸರಿ. ಮಾಗಿ ಚಳಿಯಲ್ಲಿ ನಾಲ್ಕು ಗಂಟೆ ಮೇಲೆ ನೆನೆದ ಮಕ್ಕಳ ಹಲ್ಲು ಕಟಕಟ ಅನ್ನುತ್ತವೆ. ನೀರಿನ ಆಟಗಳನ್ನ ಸಂಜೆ ಮೊದಲೇ ನಿಲ್ಲಿಸ್ತಾರೆ ಕೂಡ. ಹೊರಡೋ ದಿನದ ವೇಳೆಯನ್ನ ಮುಂಚೆಯೇ ನೋಡಿಕೊಳ್ಳಿ.

ಬ್ಯಾಗ್ ಪಾಳಿ

ಈಗ ಮುಖ್ಯ ಮಾತಿಗೆ ಬರ್ತೀನಿ. ಮೂರು ವರ್ಷದ ಹಿಂದೆ ಬೇರೊಂದು ನೀರಿನ ಪಾರ್ಕಿಗೆ ಹೋಗಿದ್ದಾಗ ಬ್ಯಾಗ್ ಕಾದವಳು ನಾನು. ಯಾರೂ ನನಗೆ ಕೂತ್ಕೋ ಅಂತ ಹೇಳಲಿಲ್ಲ. ಮಗ ಮಡಿಲಲ್ಲಿ ನಿದ್ದೆ ಮಾಡಿದ್ದ, ಎಲ್ಲರೂ ಚಪ್ಪಲಿ, ಫೋನು, ಟವೆಲ್ಲು ತಂದು ನನ್ನ ಪಕ್ಕ ಇಟ್ಟು ಓಡಿದರು. ಸಂಜೆಯವರೆಗೆ ನಾನೊಂದು ಕಲ್ಲುಬೆಂಚು ಬಿಟ್ಟು ಏಳಲಿಲ್ಲ. ರಾತ್ರಿ ಮನೆಗೆ ಬಂದ ಮೇಲೆ ಎಲ್ಲರೂ ಆಡಿದ್ದನ್ನ ನನಗೆ ವಿವರಿಸಿ ಹೇಳಿದರು. ಟಿಕೆಟ್ ನನಗೂ ಅಷ್ಟೇ ಕೊಟ್ಟಿದ್ದೆವು.

ಆ ದಿನ ನನ್ನ ಸುತ್ತಮುತ್ತಲ ಬೆಂಚುಗಳನ್ನೂ ನೋಡಿದ್ದೆ. ಒಂದೊಂದು ಬೆಂಚಿಗೂ ಒಬ್ಬೊಬ್ಬ ಹೆಂಗಸು, ಒಂದೊಂದು ಗುಡ್ಡೆ ಬ್ಯಾಗು. ಒಬ್ಬರು ಅಜ್ಜಿ, ಒಬ್ಬರು ಬಸುರಿ, ಒಬ್ಬರು ಸೀರೆ ಉಟ್ಟಿದ್ದಕ್ಕೆ ನೀರಿಗೆ ಬಿಡದವರು. ರಜೆ ಎಲ್ಲರದ್ದೂ, ಕಾಯೋ ಕೆಲಸ ಮಾತ್ರ ಅವರದ್ದು.

ಅದಕ್ಕೆ ಈ ಸಲ ನಾನು ಮಾಡಿದ ಮೊದಲ ಪಟ್ಟಿ ರೈಡಿನದಲ್ಲ, ಪಾಳಿಯದು. ಬೆಲೆಬಾಳೋದು, ಫೋನು ಎಲ್ಲ ಬಾಡಿಗೆ ಲಾಕರಿಗೆ. ಉಳಿದ ಟವೆಲ್ಲು, ನೀರಿನ ಬಾಟಲಿ, ಅತ್ತೆ ಮಾತ್ರೆ ಇರೋ ಒಂದೇ ಒಂದು ಬ್ಯಾಗು. ಅದಕ್ಕೆ ಗಂಟೆಗೊಬ್ಬರಂತೆ ನಾಲ್ಕು ದೊಡ್ಡವರ ಪಾಳಿ: ನಮ್ಮನೆಯವರು, ನಾದಿನಿ ಯಜಮಾನರು, ನಾದಿನಿ, ನಾನು. ಇದೇ ಕ್ರಮ. ಗಂಡಸರದ್ದು ಮೊದಲು ಯಾಕೆ ಅಂದ್ರೆ, ಕೊನೆಗಿಟ್ಟರೆ ಆ ಹೊತ್ತಿಗೆ ಅವರು ಎಲ್ಲಿರ್ತಾರೋ ಯಾರಿಗೂ ಗೊತ್ತಿರೋದಿಲ್ಲ! ನಮ್ಮನೆಯವರು ಕಾಗದ ನೋಡಿ, “ಇದೇನೆ, ತೋಟಕ್ಕೆ ನೀರು ಹಾಯ್ಸೋ ಪಾಳಿ ಮಾಡ್ದಂಗೆ ಮಾಡಿದೀಯಾ” ಅಂದರು. “ಅಲ್ಲಿ ಪಾಳಿ ತಪ್ಪಿದ್ರೆ ಜಗಳ ಆಗತ್ತಲ್ವಾ, ಇಲ್ಲೂ ಅಷ್ಟೇ” ಅಂದೆ.

ಪಾಳಿಯಲ್ಲಿ ಇರೋರು ಕೂರೋ ಜಾಗವೇ ಎಲ್ಲರೂ ಸೇರೋ ಜಾಗ. ನೀರಲ್ಲಿ ಫೋನು ಇರೋದಿಲ್ಲ, ಹಾಗಾಗಿ ಗಂಟೆಗೊಮ್ಮೆ ಅಲ್ಲಿಗೆ ಬಂದು ಮುಖ ತೋರಿಸಲೇಬೇಕು ಅಂತ ಮಕ್ಕಳಿಗೆ ಕಟ್ಟುನಿಟ್ಟು ಮಾಡಿದೆವು. ಚಿಕ್ಕವರ ಕೈಗೆ ದಾರದಲ್ಲಿ ಒಂದು ಪ್ಲಾಸ್ಟಿಕ್ ಚೀಟಿ, ಅದರಲ್ಲಿ ನಮ್ಮ ನಂಬರು. ತಪ್ಪಿಸಿಕೊಂಡರೆ ಹುಡುಕಿಕೊಂಡು ಅಲೆಯಬೇಡಿ, ನಿಂತಲ್ಲೇ ನಿಂತು ಸಮವಸ್ತ್ರದವರನ್ನ ಕರೆಯಿರಿ ಅಂತ ಹೇಳಿಕೊಟ್ಟಿದ್ದೆವು.

ಅತ್ತೆಗೆ ಟಿಕೆಟ್ ದಂಡವೇ?

ಮನೆಯಲ್ಲಿ ನಿಜವಾದ ವಾದ ಆಗಿದ್ದು ಅತ್ತೆ ವಿಷಯಕ್ಕೆ. “ಅವ್ವಂಗೆ ಟಿಕೆಟ್ ದಂಡ ಅಲ್ವಾ? ಒಂದನ್ನೂ ಹತ್ತಲ್ಲ” ಅಂದರು ನಮ್ಮನೆಯವರು. ನಾದಿನಿ ಫೋನಲ್ಲಿ, “ಅವ್ವ ಬಂದ್ರೆ ಸುಮ್ನೆ ಕೂತು ಕೂತು ಸುಸ್ತಾಗ್ತದೆ ಕಣಣ್ಣ, ಪಾಪ” ಅಂದಳು. ಅತ್ತೆಯೂ, “ನನ್ಗ್ಯಾಕವ್ವ ಅದೆಲ್ಲ? ನಾನು ಮನೆ ನೋಡ್ಕತೀನಿ, ನೀವ್ ಹೋಗ್ಬನ್ನಿ” ಅಂದುಬಿಟ್ಟರು. ಮೂರೂ ಜನದ್ದು ಕಾಳಜಿಯೇ. ಮೂರೂ ಮಾತು ಸೇರಿದರೆ ಅರ್ಥ ಒಂದೇ, ಅತ್ತೆ ಮನೆಯಲ್ಲಿ.

ನಾನು ಬೇರೆ ಥರ ಕೇಳಿದೆ. “ಅತ್ತೆ, ಅಲ್ಲಿ ನಿಮಗೆ ನೋಡ್ಬೇಕು ಅನ್ಸೋದು ಏನಾದ್ರೂ ಇದೆಯಾ?” ಸ್ವಲ್ಪ ಹೊತ್ತು ಅವರೆಕಾಳು ಹಿಸುಕುತ್ತಾ ಸುಮ್ಮನಿದ್ದರು. ಆಮೇಲೆ, “ಅದೇನೋ ಅಲೆ ಬರೋ ಕೊಳ ಐತಂತಲ್ಲ. ಮಗ ಹೇಳ್ತಿದ್ದ. ಅದೊಂದ್ ನೋಡ್ಬೇಕು” ಅಂದರು. ಅರವತ್ತೆಂಟು ವರ್ಷ ಅವರಿಗೆ. ಸಂಗಮದಲ್ಲಿ ಅರ್ಕಾವತಿ ಕಾವೇರಿಗೆ ಸೇರೋದು ನೂರು ಸಲ ನೋಡಿದ್ದಾರೆ. ಸಮುದ್ರ ಒಂದು ಸಲವೂ ನೋಡಿಲ್ಲ.

ಅಲ್ಲಿಗೆ ವಾದ ಮುಗೀತು. ಹಿರಿಯ ನಾಗರಿಕರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ವಯಸ್ಸಿನ ಗುರುತಿಗೆ ಆಧಾರ್ ಕಾರ್ಡ್ ಇಟ್ಟುಕೊಂಡೆವು. ಅವರ ದಿನಕ್ಕೆ ಬೇರೆಯೇ ಪಟ್ಟಿ ಮಾಡಿದೆ: ಬೆಳಿಗ್ಗೆ ನಿಧಾನಕ್ಕೆ ಸುತ್ತೋ ಒಂದೆರಡು, ಊಟ ಆದ ಮೇಲೆ ನೆರಳಲ್ಲಿ ಒಂದು ಗಂಟೆ, ಆಮೇಲೆ ವೇವ್ ಪೂಲ್ ದಡ. ಅವರ ಜೊತೆ ಯಾವಾಗಲೂ ಒಬ್ಬರು. ಬಿ.ಪಿ., ಹೃದಯ, ಬೆನ್ನುನೋವಿನ ತೊಂದರೆ ಇರೋರು, ಬಸುರಿಯರು ರಭಸದ ರೈಡು ಹತ್ತಲೇಬಾರದು. ಅದರಲ್ಲಿ ದಾಕ್ಷಿಣ್ಯ ಬೇಡ.

ವೇವ್ ಪೂಲಿನ ಸೈರನ್ ಹೊಡೆದಾಗ ಜನ ಎಲ್ಲ ಹೋ ಅಂದರು. ಮೊದಲ ಅಲೆ ಎದ್ದಾಗ ಅತ್ತೆ ನನ್ನ ತೋಳು ಗಟ್ಟಿ ಹಿಡಿದುಕೊಂಡರು. ಸೀರೆಯಲ್ಲಿ ನೀರಿಗಿಳಿಯೋ ಹಾಗಿಲ್ಲ, ದಡದಲ್ಲೇ ಕೂತು ಮೂರು ಸಲ ಅಲೆ ಬರೋವರೆಗೂ ನೋಡಿದರು. “ಸಮುದ್ರ ಹಿಂಗೇ ಇರ್ತದಾ?” ಅಂದರು. “ಇದಕ್ಕಿಂತ ದೊಡ್ಡದು ಅತ್ತೆ, ನಿಲ್ಲೋದೇ ಇಲ್ಲ” ಅಂದೆ. “ನಿಲ್ಲಾಕಿಲ್ವಾ!” ಅಂತ ಮತ್ತೆ ನೋಡ್ತಾ ಕೂತರು. ಆ ಟಿಕೆಟ್ಟು ದಂಡ ಅಂತ ಆಮೇಲೆ ಯಾರೂ ಅನ್ನಲಿಲ್ಲ.

ಬಟ್ಟೆ, ಊಟ, ದಾರಿ

ನೀರಿಗೆ ಹತ್ತಿ ಬಟ್ಟೆ, ಸೀರೆ, ಜೀನ್ಸ್ ನಡೆಯೋದಿಲ್ಲ. ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಆಗಬೇಕು. ಅಲ್ಲೇ ಕೊಳ್ಳೋ ಬದಲು ಮೊದಲೇ ತಗೊಂಡರೆ ಉಳಿತಾಯ. ನಮ್ಮಂಥ ಹೆಂಗಸರಿಗೆ ಮುಜುಗರ ಅನ್ನಿಸಿದರೆ ತುಂಬುತೋಳಿನ ನೈಲಾನ್ ಟೀ ಶರ್ಟು, ಅದೇ ಬಟ್ಟೆಯ ಉದ್ದ ಪ್ಯಾಂಟು ಸಿಗ್ತವೆ. ನಾನು, ನಾದಿನಿ ಇಬ್ಬರೂ ಅದನ್ನೇ ಹಾಕಿದ್ದು. ಬಟ್ಟೆಗೆ ನಾಚಿಕೊಂಡು ದಡದಲ್ಲಿ ಉಳಿದರೆ ಬ್ಯಾಗ್ ಮತ್ತೆ ನಿಮ್ಮ ಪಕ್ಕಕ್ಕೇ ಬರುತ್ತೆ!

ಹೊರಗಿನ ಊಟ ಒಳಗೆ ಬಿಡೋದಿಲ್ಲ. ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ಹೊಟ್ಟೆತುಂಬ ತಿಂದು ಒಳಗೆ ಹೋದೆವು, ಮಧ್ಯಾಹ್ನ ಒಂದೂಟ ಮಾತ್ರ ಒಳಗೆ. ಸಂಜೆಗೆ ಅವರೆಕಾಳು ಹಾಕಿದ ಅಕ್ಕಿರೊಟ್ಟಿ, ಚಟ್ನಿ ಕಾರಿನಲ್ಲೇ ಇತ್ತು. ಹೊರಗೆ ಬಂದ ಮಕ್ಕಳು ಅದಕ್ಕೆ ಮುಗಿಬಿದ್ದದ್ದು ನೋಡಬೇಕಿತ್ತು. ನಮ್ಮ ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಟಿಕೆಟ್ಟಿಗೆ, ಉಳಿದದ್ದು ಗಾಡಿ, ಊಟ, ಲಾಕರ್, ಬಟ್ಟೆಗೆ. ಟಿಕೆಟ್ ದರ ಒಂದನ್ನೇ ನೋಡಿ ಹೊರಡಬೇಡಿ, ಅದರ ಎರಡರಷ್ಟು ಕೈಯಲ್ಲಿರಲಿ.

ಸಾತನೂರಿಂದ ಚನ್ನಪಟ್ಟಣಕ್ಕೆ ಹೋಗಿ ಮೈಸೂರು ಹೆದ್ದಾರಿ ಹಿಡಿಯಬಹುದು, ಇಲ್ಲವೇ ಕನಕಪುರ, ಹಾರೋಹಳ್ಳಿ ಮೇಲೆ ಬಿಡದಿ ಸೇರಬಹುದು. ನಾವು ಚನ್ನಪಟ್ಟಣದ ದಾರಿ ಆರಿಸಿದೆವು. ಕ್ರಿಸ್‌ಮಸ್ ವಾರ ಬೆಳಿಗ್ಗೆ ಬೆಂಗಳೂರಿನ ಗಾಡಿಗಳೆಲ್ಲ ಮೈಸೂರಿನ ಕಡೆಗೆ, ಸಂಜೆ ಬೆಂಗಳೂರಿನ ಕಡೆಗೆ. ನಾವು ಎರಡು ಹೊತ್ತೂ ಅದಕ್ಕೆ ಎದುರು ದಿಕ್ಕು. ಊರು ದೂರ ಅನ್ನೋರಿಗೆ ಇದೊಂದು ಲಾಭ! ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿಯೋ ಜಾಗ ಮೊದಲೇ ನೋಡಿಟ್ಟುಕೊಳ್ಳಿ, ತಪ್ಪಿದರೆ ತುಂಬಾ ದೂರ ಹೋಗಿ ತಿರುಗಬೇಕು. ಬೈಕಿನಲ್ಲಿ ಹೋಗೋ ಹುಡುಗರು ನೆನಪಿಡಿ, 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್ ದಾರಿಗೆ ಬೈಕು, ಆಟೋ ಬಿಡೋದಿಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಬಸ್ಸಿನಲ್ಲಿ ಹೋಗೋರು ಚನ್ನಪಟ್ಟಣದಲ್ಲಿ ಬದಲಾಯಿಸಿ ಬಿಡದಿಯಲ್ಲಿ ಇಳಿದು ಆಟೋ ಹಿಡಿಯಬಹುದು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಚಾರ್ಜಿಲ್ಲ, ಆಧಾರ್ ಕಾರ್ಡ್ ಮರೀಬೇಡಿ. ನಾದಿನಿಯವರು ವಿಜಯನಗರದಿಂದ ಮೆಟ್ರೋದಲ್ಲಿ ಚಲ್ಲಘಟ್ಟದವರೆಗೆ ಬಂದು, ಅಲ್ಲಿಂದ ಬಿಡದಿ ಕಡೆ ಬಸ್ಸು ಹತ್ತಿದರು. ಕಾರು ತಂದಿದ್ದರೆ ಕೆಂಗೇರಿ ದಾಟೋಕೇ ಅರ್ಧ ಬೆಳಗಾಗ್ತಿತ್ತು ಅಂದಳು.

ಕಾಸು ಹೊಂದದ ವರ್ಷ ಬಂದೇ ಬರುತ್ತೆ. ಗೂಡಿನ ರೇಟು ಬಿದ್ದರೆ ನಮ್ಮ ಮನೆಯಲ್ಲೂ ಬರುತ್ತೆ. ಆಗ ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ, ಚನ್ನಪಟ್ಟಣದ ಬೊಂಬೆ ಅಂಗಡಿಗಳಿವೆ, ನಮ್ಮ ಸಂಗಮ, ಮೇಕೆದಾಟು ಇದೆ. ಮಕ್ಕಳಿಗೆ ಮುಚ್ಚುಮರೆ ಇಲ್ಲದೆ ಹೇಳಿದರೆ ಅರ್ಥ ಮಾಡಿಕೊಳ್ತಾರೆ. ಸಾಲ ಮಾಡಿ ಜಾರುಬಂಡಿ ಆಡೋದು ಬೇಡ.

ಈ ಡಿಸೆಂಬರಿಗೆ ನೀವೂ ಎಲ್ಲಾದರೂ ಹೊರಡೋ ಯೋಚನೆಯಲ್ಲಿದ್ದರೆ ಟಿಕೆಟ್ ಬುಕ್ ಮಾಡೋಕೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಸುಮ್ಮನೆ ಬ್ಯಾಗ್ ಪಕ್ಕ ಕೂರೋರು ಯಾರು ಅಂತ ನೆನಪು ಮಾಡಿಕೊಳ್ಳಿ. ಅವರನ್ನ “ಬರ್ತೀರಾ?” ಅಂತ ಕೇಳಬೇಡಿ, ಬೇಡ ಅಂತಾರೆ. “ಅಲ್ಲಿ ಏನು ನೋಡ್ಬೇಕು?” ಅಂತ ಕೇಳಿ. ನಮ್ಮ ಮನೆಯಲ್ಲಿ ಈಗ ಮುಂದಿನ ಲೆಕ್ಕ ಶುರುವಾಗಿದೆ. ಬೇಸಿಗೆಯಲ್ಲಿ ಯಾವ ಬೆಳೆ ಮುಗಿದ ಮೇಲೆ ಹೋದರೆ ಹುಳದ ಮನೆ ಖಾಲಿ ಇರುತ್ತೆ, ಎರಡು ದಿನದ ಹಾಲಿಗೆ ಯಾರ ಮುಯ್ಯಿ, ಮಂಗಳೂರಿಗೆ ರೈಲಾ ಬಸ್ಸಾ ಅಂತ. ಪಟ್ಟಿ ಬರೀತಿರೋಳು ನನ್ನ ಮಗಳು. ಮೊದಲ ಸಾಲಲ್ಲಿ ಅಜ್ಜಿ ಹೆಸರಿದೆ.